ಆನೆ ಕಟ್ಟಿಕೊಟ್ಟು ಪಡೆದ ಸಂಬಳ

"ಮುದಲಾಳಿ ಹತ್ರ ಸಂಬಳ ಕೇಳೋಕೆ ಹೊತ್ತು ಅಂತ ಒಂದು ಇರ್ಬೇಕಲ್ಲ, ಅದೇ ಇರ್ಲಿಲ್ಲ ಕಣಪ್ಪ. ಬೆಳಿಗ್ಗೆ ಹೋದ್ರೆ, 'ಬೋಣಿನೇ ಆಗಿಲ್ಲ, ಆಗ್ಲೇ ಕೈ ಚಾಚಿದ್ಯಲ್ಲ ಚಾಮುಣ್ಣಿ' ಅನ್ನೋರು. ಸಾಯಂಕಾಲ ಹೋದ್ರೆ, 'ದೀಪ ಹಚ್ಚಿದ ಮೇಲೆ ಲಕ್ಷ್ಮೀನ ಹೊರಗೆ ಕಳಿಸ್ತಾರೇನೋ' ಅನ್ನೋರು. ಮಂಗಳವಾರ ಆಗಲ್ಲ, ಶುಕ್ರವಾರ ಆಗಲ್ಲ. ಕರ್ಕಾಟಕ ಮಾಸ ಕೊಡೋ ತಿಂಗಳೇ ಅಲ್ಲ. ಓಣಂ ಹತ್ರ ಬಂದ್ರೆ ಅವರಿಗೇ ಖರ್ಚು. ಒಂದಿನ ಮಧ್ಯಾಹ್ನ ಹೋದೆ, ಊಟಕ್ಕೆ ಕೂತಿದ್ರು. 'ಉಣ್ಣೋನ ಎದುರು ನಿಂತು ಸಾಲ ಕೇಳ್ತಾರಾ' ಅಂದ್ರು. ಸಾಲ ಅಂತೆ. ನಾನು ದುಡಿದಿದ್ದು ಅವರ ಬಾಯಲ್ಲಿ ಸಾಲ ಆಯ್ತು. ಇನ್ನು ಬಾಯಲ್ಲಿ ಕೇಳಲ್ಲ ಅಂದ್ಕೊಂಡೆ. ಮಾರನೇ ದಿನ ಲಾರಿ ಅರ್ಧ ತುಂಬಿತ್ತು. ಆನೆ ಮುಂಗಾಲಿಗೆ ಕೋಲು ಒರಗಿಸಿದೆ, ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡೆ, ಮನೆಗೆ ಬಂದೆ. ಅಷ್ಟೇ. ಮೂರನೇ ದಿನ ಹದಿನಾಲ್ಕು ತಿಂಗಳ ಸಂಬಳ ಪೈಸೆ ಬಿಡದೆ ಕೈಗೆ ಬಂತು."

ಇಷ್ಟು ಹೇಳಿ ಚಾಮುಣ್ಣಿ ಬಾಯಿ ಮುಚ್ಚಿಬಿಡುತ್ತಾನೆ. ಕೇಳಲು ಬಂದವನು ದಾಮೋದರನ್, ಮುಚ್ಚಿಹೋದ ಹೆಂಚಿನ ಕಾರ್ಖಾನೆಯವನು. ಅವನಿಗೂ ಒಂಬತ್ತು ತಿಂಗಳ ಕೂಲಿ ಬರಬೇಕು.

"ನಿಮಗೇನು ಏಟ್ಟಾ, ಆನೆ ಇತ್ತು. ನಾನು ಹೆಂಚು ಒರಗಿಸಿದ್ರೆ ಯಾರು ಹೆದರ್ತಾರೆ?" ಎಂದು, ಚಾಮುಣ್ಣಿಯನ್ನು ಅಣ್ಣನೆಂದೇ ಕರೆಯುವ ಅವನು ನಕ್ಕ. ಚಾಮುಣ್ಣಿ ನಗಲಿಲ್ಲ.

ಕೊಲ್ಲಂಗೋಡಿನ ಕಡೆ ಕೂಲಿ ಸಿಗದವರೆಲ್ಲ ಇವನ ಜಗಲಿಗೆ ಬರುತ್ತಾರೆ. ಮರದ ಮಿಲ್ಲಿನ ಧಣಿ ಮುಕುಂದನ್ ಮುದಲಾಳಿಯ ಕೈಯಿಂದ ಪೂರ್ತಿ ಸಂಬಳ ಕಿತ್ತವನು ಇವನೊಬ್ಬನೇ ಎಂದು ಊರಿಗೆಲ್ಲ ಹೆಸರು. ಕೋಲು ಒರಗಿಸಿದ ಮೇಲಿನ ಎರಡು ದಿನದ ಕಥೆಯನ್ನು ಮಾತ್ರ ಅವನು ಯಾರಿಗೂ ಹೇಳಿಲ್ಲ. ಅದನ್ನು ಹೇಳಿದವಳು ಅವನ ಹೆಂಡತಿ ವೇಶು, ಅದೂ ತುಂಡು ತುಂಡಾಗಿ, ಬಾವಿಕಟ್ಟೆಯಲ್ಲಿ. ಮಿಲ್ಲಿನ ಅಂಗಳದಲ್ಲಿ ನಡೆದದ್ದು ಅವಳಿಗೆ ಅಲ್ಲಿನ ಆಳುಗಳಿಂದ ತಿಳಿದಿತ್ತು.

ಚಾಮುಣ್ಣಿ ಮರದ ಮಿಲ್ಲಿನ ಆನೆ ನೀಲಾಂಡನ್‌ಗೆ ಹದಿನಾರು ವರ್ಷ ಮಾವುತನಾಗಿದ್ದ. ಗಂಡ ಹೆಂಡತಿಯ ವಾಸ ಮಿಲ್ಲಿನ ಹಿಂದಿನ ತಗಡಿನ ಶೆಡ್ಡಿನಲ್ಲಿ. ಅಕ್ಕಿಗೆ, ಸೀಮೆಎಣ್ಣೆಗೆ ಎಂದು ದಿನಾ ಒಂದಿಷ್ಟು ಚಿಲ್ಲರೆ ಸಿಗುತ್ತಿತ್ತು, ಸಂಬಳ ಮಾತ್ರ ನಿಂತುಹೋಗಿತ್ತು. ಆ ವರ್ಷ ವೇಶು ಕಿವಿಯದ್ದು ಮಾರಿ ಐದು ಸೆಂಟ್ ಜಾಗಕ್ಕೆ ಮುಂಗಡ ಕೊಟ್ಟಿದ್ದಳು. ಓಣಂ ಬರುವ ಚಿಂಗ ಮಾಸ ಮುಗಿಯುವುದರೊಳಗೆ ಉಳಿದದ್ದು ಕೊಡದಿದ್ದರೆ ಜಾಗವೂ ಇಲ್ಲ, ಮುಂಗಡವೂ ಇಲ್ಲ.

ಮಾವುತ ಕಾಲಿಗೆ ಕೋಲು ಒರಗಿಸಿದನೆಂದರೆ ಆನೆ ಅಲ್ಲಾಡಬಾರದು. ಅವನೇ ಬಂದು ತೆಗೆಯಬೇಕು. ಹಾಗಾಗಿ ಆ ಸೋಮವಾರ ನೀಲಾಂಡನ್ ಅರ್ಧ ತುಂಬಿದ ಲಾರಿಯ ಪಕ್ಕ ನಿಂತೇ ಇತ್ತು. ಕೋಲು ತೆಗೆಯಲು ಹೋದ ಗುಮಾಸ್ತನ ಕಡೆ ಸೊಂಡಿಲು ಬೀಸಿತು. ಅವನು ಓಡಿದವನು ಬಿಚ್ಚಿದ ಪಂಚೆ ಸಿಕ್ಕಿಸಿಕೊಂಡದ್ದು ಆಫೀಸಿನ ಬಾಗಿಲಲ್ಲಿ. ಆಮೇಲೆ ಯಾರೂ ಹತ್ತಿರ ಹೋಗಲಿಲ್ಲ.

ಮಂಗಳವಾರ ನಡು ಮಧ್ಯಾಹ್ನ ವೇಶು ಹೋಗಿ ನೋಡಿ ಬಂದಳು.

"ನೀರು ಕುಡಿದಿದ್ಯಾ?" ಚಾಮುಣ್ಣಿ ಕೇಳಿದ.

"ಇಲ್ಲ. ಯಾರೋ ತಾಳೆಗರಿ ಎಸೆದಿದ್ದಾರೆ. ಸೊಂಡಿಲಿಗೆ ಸಿಕ್ಕಷ್ಟು ತಿಂದಿದೆ."

ಅವನು ಎದ್ದ. ವೇಶು ಬಾಗಿಲಿಗೆ ಅಡ್ಡ ನಿಂತಳು. "ಈಗ ಹೋದ್ರೆ ಹದಿನಾಲ್ಕು ತಿಂಗಳು ಹೋಯ್ತು ಅಂತ ತಿಳ್ಕೊಳ್ಳಿ. ಆನೆಗೆ ಒಂದು ದಿನದ ಬಾಯಾರಿಕೆ. ನಮಗೆ ಸಾಯೋವರೆಗೆ ಈ ತಗಡು."

ಅವನು ಕೂತ.

ಸಂಜೆ ಮುದಲಾಳಿಯೇ ಶೆಡ್ಡಿಗೆ ಬಂದ. ಕೂಗಾಟವಿಲ್ಲ, ನಗುಮುಖ. ಹಿಂದೆ ಮೂವರು ಗಟ್ಟಿ ಆಳುಗಳು, ಅವರಲ್ಲಿ ಮುಂದಿನವನು ಸದಾನಂದನ್ ಎಂಬ ಮಾವುತ.

"ಗೆದ್ದೆ ಬಿಡೋ ಚಾಮುಣ್ಣಿ," ಎಂದ ಮುದಲಾಳಿ. "ನಾಳೆ ಬಾ, ಪೂರ್ತಿ ಕೊಡ್ತೀನಿ. ಅನ್ನ ಹಾಕಿದವನ ಲಾರಿ ನಿಲ್ಲಿಸಿದವನನ್ನ ಇಟ್ಕೊಳ್ಳೋಕೆ ಮಾತ್ರ ಆಗಲ್ಲ. ಇನ್ನು ಆನೆ ಇವರದ್ದು. ನೀನು ಕಟ್ಟಿಕೊಟ್ಟು ಹೋಗು."

ಕಟ್ಟಿಕೊಡುವುದೆಂದರೇನು ಎಂದು ಚಾಮುಣ್ಣಿಗೆ ಯಾರೂ ಹೇಳಬೇಕಿರಲಿಲ್ಲ. ಮಾವುತ ಬದಲಾದರೆ ಆನೆಯ ನಾಲ್ಕೂ ಕಾಲು ಮರಕ್ಕೆ ಬಿಗಿದು, ಹೊಸಬರ ಮಾತಿಗೆ ಮಣಿಯುವ ತನಕ ಕೀಲು ಕೀಲಿಗೆ ಬಡಿಯುತ್ತಾರೆ. ಮೂರು ದಿನ, ಎಂಟು ದಿನ, ಆನೆಯ ಹಟ ಇದ್ದಷ್ಟು. ಹದಿನಾರು ವರ್ಷದ ಹಿಂದೆ ಅವನೂ ಹಾಗೆ ಬಡಿದೇ ನೀಲಾಂಡನ್‌ನ ಪಡೆದಿದ್ದ.

"ಕೆಲಸ ಬಿಡಿಸಬೇಡಿ ಮುದಲಾಳಿ. ಅರ್ಧ ಸಂಬಳ ಕೊಡಿ ಸಾಕು."

"ಥೂ, ನಿನ್ನ ಬೆವರಿನ ದುಡ್ಡು ನಾನು ಅರ್ಧ ಇಟ್ಕೊಳ್ಳೋದಾ? ಪಾಪ ಬರುತ್ತೆ."

ಮರುದಿನ ಬೆಳಿಗ್ಗೆ ಅವನು ಹೊರಟಾಗ ವೇಶು ಗಂಜಿ ಕೊಟ್ಟಳು, ಹೋಗಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಅವನು ಕೋಲು ತೆಗೆದದ್ದೇ ತಡ, ನೀಲಾಂಡನ್ ಕಿವಿ ಬೀಸಿ, ಸೊಂಡಿಲಿನಿಂದ ಅವನ ಬೆನ್ನು ಮುಟ್ಟಿ ನೋಡಿತು. ತೊಟ್ಟಿಗೆ ಕರೆದೊಯ್ದು ಹೊಟ್ಟೆ ತುಂಬ ನೀರು ಕುಡಿಸಿದ. ಆಮೇಲೆ ಹುಣಸೆಮರಗಳ ನಡುವೆ ನಿಲ್ಲಿಸಿ ಕಾಲು ಎತ್ತೆಂದ. ಎತ್ತಿತು. ಸರಪಳಿ ಬಿಗಿದ. ಇನ್ನೊಂದು ಎತ್ತೆಂದ. ಅದನ್ನೂ ಎತ್ತಿತು. ನಾಲ್ಕೂ ಕಾಲು ಅದೇ ಎತ್ತಿ ಎತ್ತಿ ಕೊಟ್ಟಿತು.

ಸದಾನಂದನ್ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ, "ಚಾಮುಣ್ಣಿಯೇಟ್ಟಾ, ನೋವಿನ ಜಾಗ ಯಾವುದು? ಹೇಳಿಬಿಡಿ, ನಮಗೂ ಅದಕ್ಕೂ ಕಷ್ಟ ಕಡಿಮೆ."

ಚಾಮುಣ್ಣಿ ಲೆಕ್ಕ ಹಾಕಿದ. ಹೇಳದಿದ್ದರೆ ಎಂಟು ದಿನ. ಹೇಳಿದರೆ ಎರಡೋ ಮೂರೋ. "ಎಡ ಮುಂಗಾಲು," ಎಂದ. "ಮೊಣಕಾಲಿನ ಹಿಂದೆ. ಹಳೇ ಗಾಯ."

ಹದಿನಾರು ಸಾವಿರದ ಎಂಟುನೂರು ರೂಪಾಯಿ ಟವೆಲಿನಲ್ಲಿ ಕಟ್ಟಿಕೊಂಡು ಬಂದು ವೇಶುವಿನ ಮುಂದಿಟ್ಟ. ಅಷ್ಟರಲ್ಲಿ ಆನೆಯ ಮೊದಲ ಕೂಗು ಕೇಳಿಸಿತು. ಶೆಡ್ಡು ಮಿಲ್ಲಿನ ಹಿಂದೆಯೇ ಅಲ್ಲವೇ. ಅವನು ಕಿವಿ ಮುಚ್ಚಿಕೊಳ್ಳಲಿಲ್ಲ, ಎದ್ದು ಹೋಗಲೂ ಇಲ್ಲ. ಎರಡು ದಿನ ಗೋಡೆಗೆ ಒರಗಿ ಕೂತೇ ಇದ್ದ. ಮೂರನೇ ದಿನ ಮಧ್ಯಾಹ್ನ ಸದ್ದು ನಿಂತಿತು.

"ಬೇಗ ಆಯ್ತು," ಎಂದ. ಅದು ಬಿಟ್ಟರೆ ಆನೆಯ ವಿಷಯ ಅವನು ಮನೆಯಲ್ಲಿ ಎತ್ತಿಲ್ಲ ಎಂದಳು ವೇಶು.

ಜಾಗ ಬರೆಸಿಕೊಂಡರು, ಎರಡು ಕೋಣೆ ಕಟ್ಟಿದರು. ಬೇರೆ ಆನೆಗೆ ಕರೆ ಬಂದರೂ ಅವನು ಹೋಗಲಿಲ್ಲ, ಪರರ ಗದ್ದೆಗೆ ನೀರು ಕಟ್ಟಿ ಬದುಕಿದ. ಮರುವರ್ಷ ಒಮ್ಮೆ ಚಹಾದಂಗಡಿಯಲ್ಲಿದ್ದಾಗ ದಾರಿಯಲ್ಲಿ ನೀಲಾಂಡನ್ ಬಂತು. ಇವನು ಲೋಟ ಬಿಟ್ಟು ಅಂಗಡಿಯ ಹಿಂದಕ್ಕೆ ಸರಿದ. ಆನೆ ಅಂಗಡಿಯ ಎದುರು ನಿಂತು ಸೊಂಡಿಲೆತ್ತಿ ಗಾಳಿ ಮೂಸಿತು. ಮೇಲಿದ್ದ ಸದಾನಂದನ್ ಎಡ ಮುಂಗಾಲಿಗೆ ಕೋಲು ತೋರಿಸಿದ, ಮುಟ್ಟಿಸಲೂ ಇಲ್ಲ. ಅದು ನಡೆಯಿತು.

ಇತ್ತ ಜಗಲಿಯಲ್ಲಿ ದಾಮೋದರನ್ ಇನ್ನೂ ಕೂತಿದ್ದ. "ಅಲ್ಲ ಏಟ್ಟಾ, ಕೊನೆಗೂ ಅವರ ಮನಸ್ಸು ಹೇಗೆ ತಿರುಗ್ತು? ಅದನ್ನ ಹೇಳಿ. ನನ್ನ ಮನೇಲೂ ಒಲೆ ಉರೀಬೇಕು."

"ನೀನು ಲೇಬರ್ ಆಫೀಸಿಗೆ ಅರ್ಜಿ ಹಾಕು," ಎಂದ ಚಾಮುಣ್ಣಿ. "ತಡ ಆಗುತ್ತೆ. ಆಗ್ಲಿ. ನನ್ನ ದಾರಿ ಕೇಳಬೇಡ."

"ನಿಮ್ಮದು ಮೂರೇ ದಿನಕ್ಕೆ ಬಂತಲ್ಲ?"

"ಬಂತು."

ದಾಮೋದರನ್ ಮುಖ ಸಣ್ಣ ಮಾಡಿಕೊಂಡು ಎದ್ದು ಹೋದ. ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಗೊಣಗಿದ್ದು ಬೇಲಿಯಾಚೆಗೂ ಕೇಳಿತು.

ಒಳಗಿಂದ ವೇಶು ಹಸಿ ಮತ್ತಿ ಮೀನು ತುಂಬಿದ ಮಣ್ಣಿನ ಚಟ್ಟಿ ತಂದು ಗಂಡನ ಮುಂದಿಟ್ಟಳು. "ತಲೆ ಬಿಸಾಡಬೇಡಿ, ಬೆಕ್ಕಿಗೆ ಬೇಕು."

ಚಾಮುಣ್ಣಿ ಚೂರಿಯನ್ನು ಮೆಟ್ಟಿಲ ಕಲ್ಲಿಗೆ ಎರಡು ಸಲ ಮಸೆದ. ಒಂದು ಮೀನು ಎತ್ತಿ, ಬೂದಿ ಹಚ್ಚಿ, ಬಾಲದ ಕಡೆಯಿಂದ ಕೆರೆಯತೊಡಗಿದ.