ಮುಂಗಡ ಇಟ್ಟ ತಪ್ಪು ಕಾಣಿಕೆ

ಗುಲಾಬಿ ಟೀಚರಿಗೆ ದೈವದ ಹೆದರಿಕೆ ಇತ್ತು, ವಿದ್ಯಾರ್ಥಿಗಳದ್ದು ಇರಲಿಲ್ಲ. ಸಾಲ್ಟ್ ಲೇಕಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಾರೆ. ಗಂಡ ಜಯಕರ ಬಿಬಿಡಿ ಬಾಗಿನ ಬ್ಯಾಂಕಿನಲ್ಲಿ. ಕಾರ್ಕಳದ ಕಡೆಯ ತವರಿನಲ್ಲಿ ವರ್ಷಾವರ್ಷ, ಪಾತ್ರಿಯ ಮೈಮೇಲೆ ದೈವ ಬರುವ ಕೋಲ ನಡೆಯುತ್ತದೆ. ಕಾಳಿಘಾಟಿನ ಹತ್ತಿರ ನಾನಿಟ್ಟಿರುವ ಅಂಗಡಿಗೆ ಕುಚ್ಚಲಕ್ಕಿ, ತೆಂಗಿನೆಣ್ಣೆಗೆಂದು ಬರುತ್ತಾರೆ. ಜೊತೆಗೆ ಒಂದಿಷ್ಟು ಕಷ್ಟಸುಖ ಹೇಳುತ್ತಾರೆ; ಅದನ್ನು ನಾನು ತಕ್ಕಡಿಗೆ ಹಾಕುವುದಿಲ್ಲ.

ಆ ಸೋಮವಾರ ಬೆಳಿಗ್ಗೆ ಬಂದಾಗ ಮುಖ ಬಿಳಿಚಿತ್ತು. ಅಂದು ತರಗತಿಯಲ್ಲಿ ಚರ್ಚೆ: ಮೈಮೇಲೆ ದೈವ ಬರುವುದು ನಿಜವೋ, ಊರನ್ನು ಹಿಡಿತದಲ್ಲಿಡುವ ಉಪಾಯವೋ. ಪಠ್ಯದಲ್ಲೇ ಇದೆ, ತಪ್ಪಿಸುವಂತಿಲ್ಲ. ಅತ್ತ ಮಂಗಳೂರಿನಲ್ಲಿ ಮಗಳು ಸಾಕ್ಷಿಗೆ ದಿನ ತುಂಬಿದೆ.

"ಮಕ್ಕಳು ದೈವವನ್ನು ಹಗುರ ಮಾಡಿ ಮಾತಾಡುದನ್ನು ನಾನು ಕೇಳಿ ಕೂತ್ಕೊಳ್ಬೇಕು, ಅಣ್ಣಪ್ಪಣ್ಣ. ಅದು ಸಾಕ್ಷಿಗೆ ತಟ್ಟಿದ್ರೆ? ಅದಕ್ಕೇ ತಪ್ಪು ಕಾಣಿಕೆ ಕಟ್ಟಿಟ್ಟೇ ಬಂದೆ."

ನಮ್ಮ ಕಡೆ ತಪ್ಪಾದ ಮೇಲೆ ದೈವದ ಹೆಸರಿನಲ್ಲಿ ಒಂದು ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಕೋಣೆಯಲ್ಲಿಡುವುದು ಕ್ರಮ. ಇವರು ತಪ್ಪಿಗೆ ಮೊದಲೇ ಕಟ್ಟಿದ್ದರು.

"ಮುಂಗಡ ಕೊಟ್ಟ ಮೇಲೆ ಮಾಲು ಎತ್ತಲೇಬೇಕಲ್ಲ ಟೀಚರ್," ಎಂದೆ.

ಅವರು ನಗಲಿಲ್ಲ. ಕೊಂಡ ಎಣ್ಣೆಯ ಬಾಟಲಿಯನ್ನು ಇಲ್ಲೇ ಬಿಟ್ಟು ಹೋದರು. ಅವರು ಕೇಳದೇ ಇದ್ದ ಹೆದರಿಕೆಯೊಂದನ್ನು ನಾನು ತಮಾಷೆಯಲ್ಲಿ ಕಟ್ಟಿಕೊಟ್ಟಿದ್ದೆ.

ಮುಂದಿನದು ಸಂಜೆ ಅವರೇ ಹೇಳಿದ್ದು. ಋಷಿಕೇಶ್ ಎಂಬ ಹುಡುಗ ಎದ್ದು, "ಇದೆಲ್ಲ ನಾಟಕ ಮ್ಯಾಮ್, ನಂಬುವವರು ಮೂರ್ಖರು," ಎಂದ. ಟೀಚರಿಗೆ ಇವನ ಬಾಯಿ ಮುಚ್ಚಿಸಿದರೆ ಮಗಳು ಉಳಿದಳು ಎನ್ನಿಸಿತಂತೆ.

"ನಾಟಕ ಅನ್ನು, ಕಾರಣ ಕೊಡು. ಮೂರ್ಖರು ಅನ್ನಬೇಡ. ಅವರಲ್ಲೊಬ್ಬಳು ನಿನ್ನೆದುರು ನಿಂತಿದ್ದಾಳೆ."

ಹುಡುಗ ಕೂರಲು ಹೊರಟ. "ಸಾರಿ ಮ್ಯಾಮ್. ನಿಲ್ಲಿಸಲಾ?"

"ಬೇಡ. ಹೆದರಿಕೆ ನನ್ನದು. ನೀನು ಮುಂದುವರಿಸು."

ಹುಡುಗ ದನಿ ತಗ್ಗಿಸಿ ಕೇಳಿದ: ದೈವ ಮೈಮೇಲೆ ಬಂದವನಿಗೆ ಕೈಮುಗಿಯುವ ಮನೆಯವರು, ಮರುದಿನ ಅದೇ ಮನುಷ್ಯನನ್ನು ಜಗಲಿ ಹತ್ತಿಸುವುದಿಲ್ಲವಂತಲ್ಲ, ಯಾಕೆ? ಟೀಚರಿಗೆ ತವರಿನ ಅಂಗಳ ನೆನಪಾಯಿತು. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರು.

"ಮನೆಗೆ ಹೋಗಿ ಕಾಣಿಕೆಯ ಗಂಟು ಬಿಚ್ಚಿದೆ," ಎಂದರು. "ಕೇಳಿಸಿಕೊಂಡದ್ದು ತಪ್ಪು ಅಂತ ಕಾಣ್ಲಿಲ್ಲ."

"ಹೆದರಿಕೆ?"

"ಅದು ಉಂಟು ಮಾರಾಯ್ರೆ."

ಅಷ್ಟರಲ್ಲಿ ಫೋನ್ ಬಂತು. ಅಳಿಯ ವೈಭವ್. ಟೀಚರ ಕೈ ಮುಂದಾಗಲಿಲ್ಲ. "ಪುನಃ ಕಟ್ಟಿಡ್ಲಾ, ಅಣ್ಣಪ್ಪಣ್ಣ?" ನನಗೂ ತಮಾಷೆ ಹೊಳೆಯಲಿಲ್ಲ. "ಮೊದಲು ಫೋನ್ ಎತ್ತಿ," ಎಂದೆ.

ಸಾಕ್ಷಿಗೆ ನೋವು ಶುರುವಾಗಿತ್ತು, ಆಸ್ಪತ್ರೆಗೆ ಹೊರಟಿದ್ದರು. ಟೀಚರ್ ಫೋನನ್ನು ಎದೆಗೊತ್ತಿಕೊಂಡು ನನ್ನ ಅಕ್ಕಿಮೂಟೆಯ ಮೇಲೆ ಕುಳಿತರು.

"ಮನೆಗೆ ಹೋಗುದಿಲ್ವಾ?"

"ಸುದ್ದಿ ಬರುವ ತನಕ ಇಲ್ಲೇ ಇರ್ತೇನೆ. ಅಲ್ಲಿ ದೇವರ ಕೋಣೆ ಉಂಟು. ಪುನಃ ಕಟ್ಟದೆ ನನ್ನ ಕೈ ಕೇಳುದಿಲ್ಲ."