ವೆಲಿಕಜ್ಜಿಯ ಈರುಳ್ಳಿ ಪಂಚಾಂಗ

ರೊಡೊಪಿ ಬೆಟ್ಟದ ಬುಡದ ಆ ಊರಲ್ಲಿ ಟಿ.ವಿ.ಯವರ ಹವಾಮಾನ ಕೇಳಿ ಯಾರೂ ಒಣಹಾಕಿದ ಬಟ್ಟೆ ಒಳಗೆ ತಂದವರಲ್ಲ. ವೆಲಿಕಜ್ಜಿ ಹೇಳಬೇಕು. ಕ್ರಿಸ್ಮಸ್‌ನ ಹಿಂದಿನ ರಾತ್ರಿ ಆಕೆ ಈರುಳ್ಳಿಯ ಹನ್ನೆರಡು ಪದರ ಬಿಡಿಸಿ, ತಿಂಗಳಿಗೊಂದರಂತೆ ಕಿಟಕಿಯಲ್ಲಿ ಸಾಲಾಗಿಟ್ಟು ಚಿಟಿಕೆ ಚಿಟಿಕೆ ಉಪ್ಪು ಹಾಕುತ್ತಾಳೆ. ಬೆಳಗ್ಗೆ ಯಾವ ಪದರ ನೀರು ಬಿಟ್ಟಿದೆಯೋ ಆ ತಿಂಗಳು ಮಳೆ, ಹಿಮ. ಒಣಗಿದ್ದರೆ ಬಿಸಿಲು. ಅತ್ತೆಯಿಂದ ಬಂದ ವಿದ್ಯೆ. ಬೈಗುಳ ಬಿಟ್ಟರೆ ಅತ್ತೆ ಕೊಟ್ಟದ್ದು ಇದೊಂದೇ.

ಈ ಸಲ ಫೆಬ್ರವರಿಯ ಪದರದಲ್ಲಿ ಒಂದು ಹನಿ ನೀರಿರಲಿಲ್ಲ. "ಫೆಬ್ರವರೀಲೇ ಮದುವೆ ಇಟ್ಕೊಳ್ಳಿ," ಎಂದು ಅಜ್ಜಿ ಅಪ್ಪಣೆ ಕೊಟ್ಟಳು. ಮೊಮ್ಮಗಳು ನೇದಾಳ ಮದುವೆ. ಗಂಡು ಘಾಟಿಯಾಚೆಯ ಊರಿನವನು. ಅಂಗಳದಲ್ಲೇ ಚಪ್ಪರ, ಅಲ್ಲೇ ಕುಣಿತ ಎಂದಾಯಿತು.

"ಮೇ ತಿಂಗಳಾದ್ರೆ ಚೆರ್ರಿನೂ ಸಿಗುತ್ತಲ್ವಾ," ಎಂದು ಗಂಡ ಮಿಂಚೊ ಗೊಣಗಿದ.

"ನಿಂಗೇನ್ ಗೊತ್ತು ಮುದುಕಪ್ಪಾ, ಸುಮ್ನಿರು."

ಮದುವೆಯ ಬೆಳಗ್ಗೆ ಇಡೀ ದೇಶದ ಮೇಲೆ ಬಿರುಗಾಳಿ ಎರಗಿತು. ಬಯಲಲ್ಲಿ ಜಡಿಮಳೆ, ಬೆಟ್ಟದಲ್ಲಿ ಆಳೆತ್ತರದ ಹಿಮ. ಚಪ್ಪರ ಹಾರಿಹೋಗಿ ಹಂದಿಗೂಡಿನ ಮೇಲೆ ಕೂತಿತು. ದಿಬ್ಬಣದ ಬಸ್ಸು ಘಾಟಿಯಲ್ಲಿ ಹೂತುಕೊಂಡು, ಮದುಮಗ ಹಿಮ ತಳ್ಳುವ ಯಂತ್ರಕ್ಕಾಗಿ ಕಾಯುತ್ತಿದ್ದಾನೆಂದು ಫೋನು ಬಂತು. ನೆಂಟರೆಲ್ಲ ಅಜ್ಜಿಯ ಅಡುಗೆಮನೆಗೆ ನುಗ್ಗಿದರು.

"ವೆಲಿಕಕ್ಕಾ, ನಿಮ್ ಬಿಸಿಲು ತುಂಬಾ ಜೋರಾಗಿದೆ. ಒಂದು ಟವೆಲ್ ಕೊಡ್ತೀರಾ?" ಎಂದಳು ಪಕ್ಕದ ಮನೆಯ ಗಾಂಕಾ.

ಎಲ್ಲರೂ ನಕ್ಕರು. ಬಿಳಿ ಉಡುಪಿನ ಅಂಚು ಎತ್ತಿ ಹಿಡಿದಿದ್ದ ನೇದಾಳೂ ನಕ್ಕಳು, ಅಜ್ಜಿಗೆ ಹೆಚ್ಚು ನೋವಾದದ್ದು ಅದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಷ್ಟು ವರ್ಷ ಊರು ಅವಳನ್ನು ಕೇಳಿ ಆಲೂಗಡ್ಡೆ ನೆಟ್ಟಿತ್ತು, ಹುಲ್ಲು ಕೊಯ್ದಿತ್ತು. ಇನ್ನು ಯಾರು ಕೇಳುತ್ತಾರೆ?

"ಇನ್ನು ನಾನು ಈರುಳ್ಳಿ ಇಡಲ್ಲ," ಎಂದು ಅವಳು ಸೆರಗಿನಂತೆ ಏಪ್ರನ್ ಎತ್ತಿ ಕಣ್ಣೊರೆಸಿಕೊಂಡಳು.

"ಈರುಳ್ಳಿ ಕಳ್ಳ ಬಂದಿದ್ನೇನೋ ಬಿಡಕ್ಕಾ!" ಎಂದು ಗಾಂಕಾ ಇನ್ನೂ ಕೆಣಕಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಿಂಚೊ ಮೀಸೆ ಒರೆಸಿಕೊಂಡ. ಬಾಯಿ ಮುಚ್ಚಿಕೊಂಡಿದ್ದರೆ ಪಾರಾಗುತ್ತಿದ್ದ. ಆದರೆ ಈರುಳ್ಳಿ ಹೆಚ್ಚದೆಯೂ ಹೆಂಡತಿಯ ಕಣ್ಣಲ್ಲಿ ನೀರು ಬಂದದ್ದನ್ನು ಪಾಪ, ಅವನು ಎಂದೂ ನೋಡಿರಲಿಲ್ಲ.

"ಫೆಬ್ರವರೀನ ನಾನು ತಿಂದೆ," ಎಂದ.

ಎಲ್ಲರೂ ಅವನ ಕಡೆ ತಿರುಗಿದರು.

"ಕ್ರಿಸ್ಮಸ್ ಹಿಂದಿನ ರಾತ್ರಿ ಉಪವಾಸದ ಊಟ, ಬರೀ ಕಾಳಿನ ಸಾರು. ರಾಕಿಯಾ ಸಾರಾಯಿ ಗುಟುಕಿಗೆ ನಂಚ್ಕೊಳ್ಳೋಕೆ ಏನೂ ಇರ್ಲಿಲ್ಲ. ಇದು ನೋಡಿದ್ರೆ ಉಪ್ಪು ಹಚ್ಕೊಂಡು ಕೂತಿತ್ತು. ಬೆಳಗಿನ ಜಾವ ಅದರ ಜಾಗಕ್ಕೆ ಬೇರೆ ಒಣ ಪದರ ಇಟ್ಟೆ."

ಅಜ್ಜಿ ಸೌಟು ಎತ್ತಿದಳು. ನೆಂಟರು ಹಿಂದೆ ಸರಿದರು. ಏನೋ ಹೊಳೆದು ಸೌಟು ನಿಂತಿತು.

"ಮುದುಕಪ್ಪಾ, ಸರಿಯಾಗಿ ನೆನೆಸ್ಕೊಂಡು ಹೇಳು. ನೀನು ತಿಂದಿದ್ದು ಒಣಗಿತ್ತಾ, ಒದ್ದೆಯಾಗಿತ್ತಾ?"

"ಒದ್ದೆ ಅಂದ್ರೆ? ನೀರು ಮೊಣಕೈವರೆಗೂ ಇಳೀತು ಕಣೇ! ಅಂಗಿ ತೋಳು ಹಿಂಡ್ಕೋಬೇಕಾಯ್ತು."

ವೆಲಿಕಜ್ಜಿ ಸೊಂಟದ ಮೇಲೆ ಕೈಯಿಟ್ಟು ಎಲ್ಲರನ್ನೂ ಒಂದು ಸುತ್ತು ನೋಡಿದಳು. ಮುಖ ಅರಳಿತ್ತು. ಹೊರಗೆ ಹಿಮ ತಳ್ಳುವ ಯಂತ್ರದ ಹಾರ್ನ್ ಕೇಳಿಸಿತು. ಮದುಮಗ ಅದರ ಮೇಲೆಯೇ ಕೂತು ಬಂದಿದ್ದ. ನೇದಾ ಉಡುಪು ಬಾಚಿಕೊಂಡು ಮಳೆಗೆ ಓಡಿದಳು.

ಗಾಂಕಾ ಮಾತ್ರ ಹಿಂದೆ ಉಳಿದು, ದನಿ ತಗ್ಗಿಸಿ ಕೇಳಿದಳು: "ಅಕ್ಕಾ, ಹಂಗಾದ್ರೆ ಮಾರ್ಚ್ ಹೆಂಗಿದೆ? ಆಲೂಗಡ್ಡೆ ನೆಡಬೇಕಿತ್ತು."

ಅಜ್ಜಿ ಗಂಡನ ಕಡೆ ತಿರುಗಿದಳು.

"ಮಾರ್ಚ್‌ನೂ ಮುಟ್ಟಿದ್ಯಾ?"