ಬಕೆಟ್ಟಣ್ಣ ತೊಳೆದ ಮುಖ

ಸರ್ಕಾರಿ ಆಸ್ಪತ್ರೆಯ ಶವಾಗಾರದಲ್ಲಿ ಮೂವತ್ನಾಲ್ಕು ವರ್ಷ ಹೆಣ ತೊಳೆದವನನ್ನು ಎಲ್ಲರೂ ಬಕೆಟ್ಟಣ್ಣ ಅಂತಲೇ ಕರೆಯುತ್ತಿದ್ದರು. ಡಾಕ್ಟರು ಕೊಯ್ದು, ಹೊಲಿದು, ಕಾಗದಕ್ಕೆ ಸಹಿ ಹಾಕಿ ಹೊರಬಿದ್ದ ಮೇಲೆ ಇವನು ಬಕೆಟ್ಟು ಹಿಡಿದು ಒಳಹೋಗಬೇಕು. ಅದಕ್ಕೂ ಮೊದಲು ಹೆಣಕ್ಕೆ ಒಂದು ಹನಿ ನೀರೂ ತಾಗಬಾರದು. ಈ ನಿಯಮವನ್ನು ಅವನು ಮುರಿದದ್ದು ಒಂದೇ ಸಲ, ನಮ್ಮ ದೊಡ್ಡ ಲೇಖಕರು ಸತ್ತ ದಿನ.

ಬಾಡಿಗೆ ಕೋಣೆಯಲ್ಲಿ ಬರೆಯುವ ಮೇಜಿನ ಪಕ್ಕ ಬಿದ್ದಿದ್ದರು ಅವರು. ಕೊಂದುಹಾಕಿದ್ದಾರೆ ಎಂದು ನಾವು ಆಸ್ಪತ್ರೆಯ ಗೇಟು ಹಿಡಿದು ಅಲುಗಾಡಿಸಿದೆವು. ಮುಖ ತೋರಿಸಿ ಎಂದು ಗಂಟಲು ಹರಿದುಕೊಂಡೆವು. ಒಳಗಿದ್ದ ಬಕೆಟ್ಟಣ್ಣನೂ ನಮ್ಮ ಪೈಕಿಯೇ. ಲೇಖಕರ ಪುಸ್ತಕಗಳನ್ನು ಶವಾಗಾರದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಓದಿದವನು. ಈಗ ಅವರ ಬಾಯಿ ಸುತ್ತ ನೊರೆ, ಅಂಗಿಯ ಮೇಲೆ ವಾಂತಿ. ಇಂಥ ಅವತಾರದಲ್ಲಿ ಜನ ಅವರನ್ನು ನೋಡುವುದೇ? ಮುಖ ತೊಳೆದ. ಅಂಗಿಯನ್ನೂ ಬಿಚ್ಚಿ ಸೋಪು ಹಾಕಿ ಒಗೆದ. ಡಾಕ್ಟರು ಬರುವಷ್ಟರಲ್ಲಿ ಲೇಖಕರು ಮಲಗಿ ನಿದ್ದೆ ಹೋದವರ ಹಾಗಿದ್ದರು.

ಪರೀಕ್ಷೆಗೆಂದು ಡಾಕ್ಟರು ಹೊಟ್ಟೆಯೊಳಗಿನದನ್ನು ತುಂಬಿಟ್ಟ ಬಾಟಲಿ ಲ್ಯಾಬಿನ ದಾರಿಯಲ್ಲಿ ಎಲ್ಲೋ ಮಾಯವಾಯಿತು. ಅಂಗಿಯಾದರೂ ಇದ್ದಂತೆ ಇದ್ದಿದ್ದರೆ ವಿಷ ಯಾವುದೆಂದು ಹೇಳಬಹುದಿತ್ತು ಎಂದು ವಕೀಲರು ಹಲುಬಿದರು. ವಿಚಾರಣಾ ಆಯೋಗ ಗೇಟಿನ ಕಾವಲುಗಾರನನ್ನೂ ಬಿಡದೆ ಕೇಳಿತು. ಹೆಣ ತೊಳೆಯುವವನನ್ನು ಮಾತ್ರ ಯಾರೂ ಕೇಳಲಿಲ್ಲ. ಅವನೂ ಬಾಯಿ ಬಿಡಲಿಲ್ಲ.

ಮೂವತ್ತು ವರ್ಷದ ಮೇಲೆ ಕೇಳಲು ಬಂದವನು ಒಬ್ಬ ಕಾದಂಬರಿಕಾರ. ನಿವೃತ್ತನಾಗಿ ಕೂತಿದ್ದ ಬಕೆಟ್ಟಣ್ಣ ಎಲ್ಲವನ್ನೂ ಹೇಳಿಬಿಟ್ಟ.

"ಯಾರು ತೊಳಿ ಅಂದಿದ್ದು?"

"ಯಾರೂ ಅನ್ಲಿಲ್ಲ ಸ್ವಾಮಿ. ನಂಗೇ ನೋಡಕ್ಕಾಗ್ಲಿಲ್ಲ."

"ಸುಮ್ನೆ ತೊಳೆದೆ ಅಂದ್ರೆ ಓದೋರು ಒಪ್ಪಲ್ಲ ಯಜಮಾನ್ರೇ."

ಒಪ್ಪುವ ಹಾಗೆ ಕಾದಂಬರಿಕಾರ ಬರೆದ. ಕಾದಂಬರಿಯಲ್ಲಿ ಶವಾಗಾರದವನು ಮಂತ್ರಿಯ ಮಾತಿಗೆ ಸಾಕ್ಷ್ಯ ಅಳಿಸುತ್ತಾನೆ. ಅದರ ಋಣಕ್ಕೆ ಅವನ ಮಗಳಿಗೆ ಮುಂದೆ ಅದೇ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಗುತ್ತದೆ. ಬಕೆಟ್ಟಣ್ಣನ ಮಗಳು ಅಲ್ಲೇ ನರ್ಸು. ಪರೀಕ್ಷೆ ಬರೆದು, ಎರಡು ಸಲ ಫೇಲಾಗಿ, ಮೂರನೆಯದರಲ್ಲಿ ಪಾಸಾಗಿ ಸೇರಿದವಳು. ಪುಸ್ತಕ ವಾರ್ಡಿನಿಂದ ವಾರ್ಡಿಗೆ ಕೈ ಬದಲಾಯಿಸಿತು.

"ಏನಮ್ಮಾ, ಮಂತ್ರಿಗಳು ಚೆನ್ನಾಗಿದ್ದಾರಾ?" ಎಂದು ಎಕ್ಸ್‌ರೇ ಕೋಣೆಯವನು ದಿನಾ ಕೇಳತೊಡಗಿದ. ಅವಳ ಬಡ್ತಿಯ ಕಾಗದವನ್ನು ಮೇಲಿನವರು ಪಕ್ಕಕ್ಕಿಟ್ಟರು.

ಮಗಳು ಅಪ್ಪನೆದುರು ಪುಸ್ತಕ ಎಸೆದಳು. "ತೊಳೆದದ್ದು ನಿಜಾನಾ?"

"ನಿಜ ಕಣವ್ವ."

"ನನ್ನ ಕೆಲಸಕ್ಕೆ?"

"ನೀನಾಗ ತೊಟ್ಟಿಲಲ್ಲಿದ್ದೆ. ನಿಂಗ್ಯಾವ ಕೆಲಸ ಕೊಡಿಸ್ಲಿ, ಹಾಲು ಕುಡಿಯೋದಾ?"

ಅವಳು ನಗಲಿಲ್ಲ. "ಹಾಗಾದ್ರೆ ನಾಳೆ ಬಂದು ಎಲ್ಲರ ಮುಂದೆ ಹೇಳು."

ಮಾರನೆಯ ದಿನ ನರ್ಸುಗಳೂ ಎಕ್ಸ್‌ರೇ ಕೋಣೆಯವನೂ ಊಟಕ್ಕೆ ಕೂತಿದ್ದಾಗ ಬಕೆಟ್ಟಣ್ಣ ಬಾಗಿಲ ಬಳಿ ನಿಂತು ಹೇಳಿದ. ನೊರೆ, ವಾಂತಿ, ಸೋಪು, ಅಂಗಿ, ಒಂದನ್ನೂ ಬಿಡಲಿಲ್ಲ. ಮಂತ್ರಿ ಇರಲಿ, ಮೇಸ್ತ್ರಿಯೂ ತನಗೆ ಹೇಳಿರಲಿಲ್ಲ ಎಂದ. ಎಕ್ಸ್‌ರೇಯವನು ಅನ್ನ ಕಲಸುವುದು ನಿಲ್ಲಿಸಿದ.

"ಅಂದ್ರೆ ಅವರನ್ನ ಕೊಂದೋರು ಸಿಗದೇ ಇದ್ದದ್ದು ನಿಮ್ಮಿಂದ," ಎಂದರು ಹಿರಿಯ ನರ್ಸಮ್ಮ.

"ಹೌದು ತಾಯಿ. ಹುಡುಗಿದೇನೂ ಇಲ್ಲ."

ತಿಂಗಳೊಳಗೆ ಮಗಳ ಬಡ್ತಿಯಾಯಿತು. ಅಪ್ಪ ಹೇಳಿದ್ದು ಊರೆಲ್ಲ ಹಬ್ಬಿ ನಮ್ಮ ಕಿವಿಗೂ ಬಿತ್ತು. ಲೇಖಕರು ಸತ್ತ ದಿನದಂದು ನಾವು ಪ್ರತಿವರ್ಷ ಮೆರವಣಿಗೆ ತೆಗೆಯುತ್ತೇವೆ. ಬ್ಯಾನರಿನ ಎಡಗಡೆಯ ಕೋಲು ಯಾವಾಗಲೂ ಬಕೆಟ್ಟಣ್ಣನದು. ಈ ಸಲ ಅವನು ಬಂದು ಕೈ ಚಾಚಿದಾಗ ಕೋಲನ್ನು ಬೇರೆಯವನಿಗೆ ಕೊಟ್ಟೆವು. ಮುಖ ತೋರಿಸಿ ಎಂದು ಅಂದು ಗೇಟು ಅಲುಗಾಡಿಸಿದವರೇ ಕೊಟ್ಟದ್ದು. ಅವನು ಚಾಚಿದ ಕೈ ಹಿಂದಕ್ಕೆಳೆದುಕೊಂಡ. ಸ್ವಲ್ಪ ದೂರ ಫುಟ್‌ಪಾತಿನ ಮೇಲೆ ನಮ್ಮ ಜೊತೆಜೊತೆಗೇ ನಡೆದ. ಆಮೇಲೆ ತಿರುಗಿ ನೋಡಿದರೆ ಇರಲಿಲ್ಲ.